ಕಾಗದ ಇಲ್ಲೇ, ಚಿತ್ರ ಮಾತ್ರ ಮುಂದೆ: ಮಂಗಳೂರಿನಲ್ಲಿ ಒಂದು ಚೆಕ್ಕು ಪಾಸಾಗುವ ಬಗೆ

ಬಂದರಿನ ಸಗಟು ಅಂಗಡಿಯವರು ಬೆಳಗ್ಗೆ ಹತ್ತೂವರೆಗೆ ಬ್ಯಾಂಕಿನ ಕೌಂಟರಿಗೆ ಕೊಡುವ ಚೆಕ್ಕು ಹುಬ್ಬಳ್ಳಿಯದ್ದಾಗಿರಲಿ, ಕಾಸರಗೋಡಿನದ್ದಾಗಿರಲಿ, ಮಂಗಳೂರು ಬಿಟ್ಟು ಹೋಗುವುದೇ ಇಲ್ಲ. ಹೋಗುವುದು ಅದರ ಮೂರು ಚಿತ್ರಗಳು, ಜೊತೆಗೆ ಒಂದಿಷ್ಟು ಅಂಕಿಗಳು. ಚೆಕ್ಕು ಬರೆದವರ ಬ್ಯಾಂಕಿನವರು ಆ ಚಿತ್ರ ನೋಡಿಯೇ ಸಹಿ ತಾಳೆ ಹಾಕುತ್ತಾರೆ, ಹಣ ಕೊಡುತ್ತಾರೆ ಅಥವಾ ವಾಪಸು ಮಾಡುತ್ತಾರೆ. ಚಿತ್ರದಲ್ಲಿ ಕಾಣದ್ದು ಅವರ ಪಾಲಿಗೆ ಚೆಕ್ಕಿನಲ್ಲೇ ಇಲ್ಲ. ಬ್ಯಾಂಕಿನಲ್ಲಿ ಕ್ಲಿಯರಿಂಗ್ (ಬೇರೆ ಬ್ಯಾಂಕಿನ ಚೆಕ್ಕನ್ನು ವಸೂಲು ಮಾಡುವ) ಕೆಲಸ ಮಾಡುವ ನಮ್ಮಂಥವರಿಗೆ ಇದು ದಿನನಿತ್ಯದ ಸಂಗತಿ. ಚೆಕ್ಕು ಬರೆಯುವವರಿಗೂ ಪಡೆಯುವವರಿಗೂ ಇದು ಇನ್ನೂ ಸರಿಯಾಗಿ ಮುಟ್ಟಿಲ್ಲ. ಆದ್ದರಿಂದಲೇ ಈ ಬರಹ.

ಮೊದಲು ಊರಿನ ಬ್ಯಾಂಕುಗಳ ನೌಕರರು ಕ್ಲಿಯರಿಂಗ್ ಹೌಸಿನಲ್ಲಿ ಸೇರಿ, ಒಬ್ಬರ ಚೆಕ್ಕಿನ ಕಟ್ಟನ್ನು ಇನ್ನೊಬ್ಬರಿಗೆ ಕೊಟ್ಟು, ಲೆಕ್ಕ ತಾಳೆ ಮಾಡಿಕೊಂಡು ಬರುತ್ತಿದ್ದರು. ಪರವೂರಿನ ಚೆಕ್ಕು ಅಂಚೆಯಲ್ಲೋ ಕೊರಿಯರಿನಲ್ಲೋ ಹೋಗಿ ಹಣವಾಗಿ ಬರಲು ವಾರಗಳೇ ಬೇಕಾಗುತ್ತಿದ್ದವು. ಕಾಗದ ಓಡಾಡುವುದನ್ನು ತಡೆದು ಚಿತ್ರವನ್ನಷ್ಟೇ ಕಳುಹಿಸುವ ಚೆಕ್ ಟ್ರಂಕೇಶನ್ ಸಿಸ್ಟಮ್, ಎಲ್ಲರ ಬಾಯಲ್ಲಿ ಸಿಟಿಎಸ್, 2008ರ ಫೆಬ್ರವರಿ 1ರಂದು ದೆಹಲಿಯಲ್ಲಿ ಆರಂಭವಾಯಿತು. 2011ರ ಸೆಪ್ಟೆಂಬರಿನಲ್ಲಿ ಚೆನ್ನೈ, 2013ರ ಏಪ್ರಿಲಿನಲ್ಲಿ ಮುಂಬಯಿ. ಕರ್ನಾಟಕ ಬಂದದ್ದು ಚೆನ್ನೈ ಗ್ರಿಡ್ಡಿನ, ಅಂದರೆ ಚೆನ್ನೈ ಕೇಂದ್ರದ ಕೆಳಗಿನ ರಾಜ್ಯಗಳ ಗುಂಪಿನ, ಪಾಲಿಗೆ. ಚಿತ್ರಕ್ಕೆ ಕಾನೂನಿನ ಬೆಲೆ ಮಾತ್ರ ಅದಕ್ಕೂ ಮೊದಲೇ ಬಂದಿತ್ತು. ಚೆಕ್ಕುಗಳಿಗೆ ಸಂಬಂಧಿಸಿದ ಕಾನೂನಾದ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ತಂದು, ಟ್ರಂಕೇಟ್ ಆದ ಚೆಕ್ಕಿನ ಚಿತ್ರವೂ ಚೆಕ್ಕೇ ಎಂದು ಸೇರಿಸಲಾಯಿತು.

ಈಗ ಕೌಂಟರಿಗೆ ಬರೋಣ. ಅಸಲಿ ಕೆಲಸ ಇರುವುದು ಇಲ್ಲಿ. ಸ್ಕ್ಯಾನರಿಗೆ ಹಾಕುವ ಮೊದಲು ಚೆಕ್ಕನ್ನು ಕಣ್ಣಿನಿಂದ ಓದಲೇಬೇಕು. ತಾರೀಕು ಇದೆಯೇ, ಮೂರು ತಿಂಗಳು ದಾಟಿದೆಯೇ, ಅಕ್ಷರದ ಮೊತ್ತವೂ ಅಂಕಿಯ ಮೊತ್ತವೂ ಒಂದೇ ಆಗಿವೆಯೇ, ಸಹಿ ಇದೆಯೇ, ಹೆಸರು ಖಾತೆಯ ಹೆಸರಿಗೆ ಹೊಂದುತ್ತದೆಯೇ. 2012ರ ಏಪ್ರಿಲ್ 1ರಿಂದ ಚೆಕ್ಕಿನ ಆಯುಷ್ಯ ಮೂರೇ ತಿಂಗಳು. ಆದರೂ ಕಪಾಟಿನಲ್ಲಿಟ್ಟು ಆರು ತಿಂಗಳ ಮೇಲೆ ತಂದುಕೊಡುವವರು ಇದ್ದೇ ಇದ್ದಾರೆ. ತಿದ್ದುಪಡಿಯ ವಿಷಯದಲ್ಲಿ ನಿಯಮ ಇನ್ನೂ ಬಿಗಿ. ಸಿಟಿಎಸ್‌ನಲ್ಲಿ ಹೋಗುವ ಚೆಕ್ಕಿನಲ್ಲಿ ಹೆಸರನ್ನಾಗಲಿ ಮೊತ್ತವನ್ನಾಗಲಿ ಹೊಡೆದು ಬರೆದು ಪಕ್ಕದಲ್ಲಿ ಸಹಿ ಹಾಕಿದರೂ ನಡೆಯುವುದಿಲ್ಲ. ಅವಧಿ ಊರ್ಜಿತಗೊಳಿಸಲು ತಾರೀಕು ತಿದ್ದುವುದೊಂದಕ್ಕೆ ಮಾತ್ರ ವಿನಾಯಿತಿ. ಹಿಂದೆ ತಿದ್ದಿದ ಕಡೆ ಪೂರ್ತಿ ಸಹಿ ಹಾಕಿ ದಾಟಿಸಿದ ಅಭ್ಯಾಸ ಇರುವ ಹಳೆಯ ವ್ಯಾಪಾರಸ್ಥರಿಗೆ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಒಂದಕ್ಷರ ತಪ್ಪಿದರೂ ಆ ಹಾಳೆಯನ್ನು ರದ್ದು ಮಾಡಿ ಬೇರೆ ಬರೆಯಿರಿ.

ಹೆಸರಿನ ತೊಡಕು ಈ ಕಡೆಯಲ್ಲಿ ತುಸು ಹೆಚ್ಚು. ದೇವಸ್ಥಾನದ ಬ್ರಹ್ಮಕಲಶೋತ್ಸವಕ್ಕೆ, ಊರಿನ ಯಕ್ಷಗಾನ ಸಮಿತಿಗೆ, ಶಾಲೆಯ ಶತಮಾನೋತ್ಸವಕ್ಕೆ ದೇಣಿಗೆ ಕೊಡುವವರು ಆಮಂತ್ರಣ ಪತ್ರಿಕೆಯಲ್ಲಿದ್ದ ಹೆಸರನ್ನು ನೋಡಿ ಚೆಕ್ಕು ಬರೆಯುತ್ತಾರೆ. ಖಾತೆ ಇರುವುದು ಟ್ರಸ್ಟಿನ ಹೆಸರಿನಲ್ಲಿ ಅಥವಾ ಅಧ್ಯಕ್ಷ ಮತ್ತು ಖಜಾಂಚಿಯ ಜಂಟಿ ಹೆಸರಿನಲ್ಲಿ. ಚೆಕ್ಕು ಸರಿ, ಹಣವೂ ಇದೆ, ಆದರೆ ಆ ಖಾತೆಗೆ ಜಮಾ ಮಾಡುವಂತಿಲ್ಲ. ರಸೀದಿ ಪುಸ್ತಕದ ಮೇಲೆಯೇ ಖಾತೆಯ ಪೂರ್ತಿ ಹೆಸರನ್ನು ಬ್ಯಾಂಕಿನಲ್ಲಿ ಇರುವ ಹಾಗೆಯೇ ಮುದ್ರಿಸಿದ ಸಮಿತಿಗಳಿಗೆ ಈ ತಲೆನೋವು ಇಲ್ಲ. ಸಹಕಾರಿ ಸಂಘಗಳ ಸದಸ್ಯರು ಇನ್ನೊಂದು ಮಾತು ನೆನಪಿಡಬೇಕು. ಅಕೌಂಟ್ ಪೇಯಿ (ಹೆಸರಿರುವವರ ಖಾತೆಗೆ ಮಾತ್ರ) ಎಂದು ಗೀಟು ಹಾಕಿದ ಚೆಕ್ಕನ್ನು ಸದಸ್ಯರ ಪರವಾಗಿ ಸಂಘದ ಖಾತೆಗೆ ವಸೂಲು ಮಾಡಿಕೊಡಲು ಬ್ಯಾಂಕಿಗೆ ಅನುಮತಿ ಇರುವುದು 50,000 ರೂಪಾಯಿವರೆಗಿನ ಚೆಕ್ಕಿಗೆ. ಅಡಿಕೆ ಮಾರಿದ ದೊಡ್ಡ ಮೊತ್ತದ ಚೆಕ್ಕು ಬರುವವರು ಬ್ಯಾಂಕಿನಲ್ಲೇ ಒಂದು ಖಾತೆ ಇಟ್ಟುಕೊಳ್ಳುವುದು ಒಳ್ಳೆಯದು.

ಆಮೇಲೆ ಹಾಳೆ ಅಸಲಿಯೇ ಎಂದು ನೋಡಬೇಕು. ಬೆಳಕಿಗೆ ಹಿಡಿದರೆ 'ಸಿಟಿಎಸ್ ಇಂಡಿಯಾ' ಎಂಬ ನೀರುಗುರುತು ಕಾಣಬೇಕು. ನೇರಳಾತೀತ ದೀಪದ ಕೆಳಗಿಟ್ಟರೆ ಬರಿಗಣ್ಣಿಗೆ ಕಾಣದ ಶಾಯಿಯಲ್ಲಿ ಮುದ್ರಿಸಿದ ಬ್ಯಾಂಕಿನ ಲಾಂಛನ ಹೊಳೆಯಬೇಕು. ಎಡ ಅಂಚಿನಲ್ಲಿ ಮುದ್ರಕರ ಹೆಸರಿನ ಜೊತೆ 'ಸಿಟಿಎಸ್-2010' ಎಂದು ಇರಬೇಕು. ಕಲರ್ ಜೆರಾಕ್ಸ್ ತೆಗೆದರೆ 'ವಾಯ್ಡ್' ಅಥವಾ 'ಕಾಪಿ' ಎಂದು ಎದ್ದು ಬರುವ ವಿನ್ಯಾಸವೂ ಹಾಳೆಯಲ್ಲಿ ಅಡಗಿರುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ನೀರುಗುರುತಾಗಲಿ, ನೇರಳಾತೀತ ಶಾಯಿಯಾಗಲಿ ಮುಂದೆ ಕಳುಹಿಸುವ ಚಿತ್ರದಲ್ಲಿ ಬರುವುದಿಲ್ಲ. ಕಾಗದವನ್ನು ಕೈಯಲ್ಲಿ ಹಿಡಿದು ನೋಡುವ ಕೊನೆಯ ಬ್ಯಾಂಕ್ ನಮ್ಮದೇ. ಅದಕ್ಕೇ ಮೇಲುನೋಟದ ಅಸಲಿತನ ಪರೀಕ್ಷಿಸುವ ಹೊಣೆಯನ್ನು ಕಾಯ್ದೆ ಚೆಕ್ಕು ಸ್ವೀಕರಿಸುವ ಬ್ಯಾಂಕಿನ ಮೇಲೆ ಹೊರಿಸಿದೆ. ನಮ್ಮ ಅಭಿಪ್ರಾಯದಲ್ಲಿ ಇಡೀ ವ್ಯವಸ್ಥೆಯಲ್ಲಿ ಅತಿ ಕಡಿಮೆ ಗಮನ ಸಿಗುವ, ಅತಿ ಹೆಚ್ಚು ಗಮನ ಬೇಕಾದ ಜಾಗ ಇದು. ದೊಡ್ಡ ಮೊತ್ತದ ಚೆಕ್ಕು ಡ್ರಾಪ್ ಬಾಕ್ಸಿನಿಂದ ಬಂತೆಂದು ದೀಪಕ್ಕೆ ಹಿಡಿಯದೆ ಬಿಡಬಾರದು.

ಉಡುಪಿ, ಮಂಗಳೂರಿನ ಮನೆಗಳ ಕಪಾಟಿನಲ್ಲಿ ಬೇರೆ ಊರುಗಳಿಗಿಂತ ಹೆಚ್ಚಾಗಿ ಸಿಗುವ ಒಂದು ವಸ್ತು ಎಂದರೆ ವಿಲೀನವಾದ ಬ್ಯಾಂಕುಗಳ ಚೆಕ್ ಪುಸ್ತಕ. ಬ್ಯಾಂಕುಗಳ ತವರು ಇದು. 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಶನ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿಗೆ ಸೇರಿತು. 1925ರಲ್ಲಿ ಉಡುಪಿಯಲ್ಲೇ ಆರಂಭವಾದ ಸಿಂಡಿಕೇಟ್ ಬ್ಯಾಂಕ್ ಅದೇ ದಿನ ಕೆನರಾ ಬ್ಯಾಂಕಿಗೆ ಸೇರಿತು. ಮಂಗಳೂರಿನ ವಿಜಯಾ ಬ್ಯಾಂಕ್ ಅದಕ್ಕೂ ಒಂದು ವರ್ಷ ಮೊದಲು ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. ಆ ಹಳೆಯ ಹಾಳೆಗಳ ಬುಡದಲ್ಲಿ ಬ್ಯಾಂಕು, ಶಾಖೆ ಯಾವುದೆಂದು ತಿಳಿಸುವ ಅಂಕಿಗಳು ಈಗ ಚಾಲ್ತಿಯಲ್ಲಿಲ್ಲ. ಬಾಡಿಗೆಗೆ, ಕೈಸಾಲಕ್ಕೆ ಭದ್ರತೆಯೆಂದು ಪಡೆದು ಇಟ್ಟುಕೊಂಡ ಅಂಥ ಹಾಳೆ ನಿಮ್ಮಲ್ಲಿದ್ದರೆ ಅದನ್ನು ನಂಬಿ ಕೂರಬೇಡಿ. ಈಗಿನ ಬ್ಯಾಂಕಿನ ಹೊಸ ಹಾಳೆ ಬರೆಸಿಕೊಳ್ಳಿ.

ಇನ್ನು ಸೀಲು. ಮುಖದ ಮೇಲೆ ಬ್ಯಾಂಕಿನ ಕ್ರಾಸಿಂಗ್ ಸೀಲು (ಚೆಕ್ಕು ಈ ಬ್ಯಾಂಕಿನ ಮೂಲಕವೇ ವಸೂಲಾಗಬೇಕು ಎಂಬ ಗುರುತು) ಬೀಳಲೇಬೇಕು, ಆದರೆ ತಾರೀಕು, ಹೆಸರು, ಮೊತ್ತ, ಸಹಿ ಈ ನಾಲ್ಕರ ಮೇಲೆ ಬೀಳಬಾರದು. ನೆತ್ತಿಯ ಎಡ ಮೂಲೆ ಇದಕ್ಕೆ ಸರಿಯಾದ ಜಾಗ. ಸಾಲು ದೊಡ್ಡದಿರುವ ಹೊತ್ತಿನಲ್ಲಿ ಕೈ ಒಂದಂಗುಲ ಜಾರಿದರೂ ಸಾಕು, ನೇರಳೆ ಸೀಲಿನ ವೃತ್ತ ಅಂಕಿಯ ಚೌಕದ ಮೇಲೆ ಕೂತು 8 ಯಾವುದು 3 ಯಾವುದು ತಿಳಿಯದಂತಾಗುತ್ತದೆ. ಕಾಗದದ ಮೇಲೆ ನಮ್ಮ ಕಣ್ಣಿಗೆ ಎರಡು ಬಣ್ಣ ಬೇರೆಬೇರೆಯಾಗಿ ಕಾಣುತ್ತವೆ, ಚಿತ್ರದಲ್ಲಿ ಎರಡೂ ಒಂದೇ ಬೂದು. "ಸೀಲು ಮೊತ್ತದ ಮೇಲೆ ಹೋಗ್ತಾ ಉಂಟು ಮಾರಾಯ್ರೆ, ಸ್ವಲ್ಪ ಮೇಲೆ ಒತ್ತಿ" ಎಂದು ಹೊಸಬರಿಗೆ ಹೇಳದ ದಿನವಿಲ್ಲ. ಚೆಕ್ಕಿನ ಹಿಂದೆ ಖಾತೆ ಸಂಖ್ಯೆ, ಫೋನ್ ನಂಬರ್ ಬರೆಯುವವರೂ ಗಟ್ಟಿಯಾಗಿ ಒತ್ತಿ ಬರೆಯಬಾರದು. ಒತ್ತಿದ ಗುರುತು ಮುಂದಿನ ಬದಿಗೆ ಉಬ್ಬಿ ನೆರಳಾಗಿ ಬರುತ್ತದೆ.

ಶಾಯಿಯ ಬಗ್ಗೆ ಕೇಳುವವರು ಬಹಳ. ಕಪ್ಪು ಶಾಯಿಯಲ್ಲಿ ಚೆಕ್ಕು ಬರೆಯುವುದನ್ನು ರಿಸರ್ವ್ ಬ್ಯಾಂಕ್ ನಿಷೇಧಿಸಿದೆ ಎಂಬ ವಾಟ್ಸ್ಯಾಪ್ ಸಂದೇಶ ಸುಳ್ಳು. ಯಾವ ಬಣ್ಣವನ್ನೂ ನಿಯಮ ಗೊತ್ತುಮಾಡಿಲ್ಲ, ಚಿತ್ರದಲ್ಲಿ ಚೆನ್ನಾಗಿ ಮೂಡುವ ಶಾಯಿ ಬಳಸಿ ಎಂದಷ್ಟೇ ಹೇಳಿದೆ. ಕಪ್ಪು, ಕಡು ನೀಲಿ ಎರಡೂ ಸೊಗಸಾಗಿ ಬರುತ್ತವೆ. ತಿಳಿ ನೀಲಿ, ಗುಲಾಬಿ, ಹಸಿರು ಜೆಲ್ ಪೆನ್ನುಗಳಿಂದ ತೊಂದರೆ. ಉಜ್ಜಿದರೆ ಅಳಿಸಿಹೋಗುವ ಪೆನ್ನನ್ನಂತೂ ಚೆಕ್ಕಿನ ಹತ್ತಿರ ತರಬೇಡಿ. ಅದರ ಶಾಯಿ ಬಿಸಿ ತಾಗಿದರೆ ಮಾಯವಾಗುತ್ತದೆ, ಆ ಜಾಗದಲ್ಲಿ ಬೇರೆ ಮೊತ್ತ ಬರೆಯುವುದು ವಂಚಕರಿಗೆ ಸಲೀಸು.

ಕನ್ನಡದಲ್ಲಿ ಚೆಕ್ಕು ಬರೆಯಬಹುದೇ? ಖಂಡಿತ ಬರೆಯಬಹುದು, ಅದು ನಿಮ್ಮ ಹಕ್ಕು, ನಿರಾಕರಿಸುವಂತಿಲ್ಲ. ಆದರೆ ಚಿತ್ರ ಹೋಗಿ ತೆರೆದುಕೊಳ್ಳುವುದು ನಿಮ್ಮ ಶಾಖೆಯಲ್ಲಲ್ಲ, ಬ್ಯಾಂಕಿನ ಕೇಂದ್ರೀಕೃತ ಕಚೇರಿಯಲ್ಲಿ. ಅಲ್ಲಿ ಕೂತವರಿಗೆ ಕನ್ನಡ ಬರುತ್ತದೆ ಎಂಬ ಖಾತ್ರಿಯಿಲ್ಲ. ತಾರೀಕಿನಲ್ಲಿದ್ದ ಕನ್ನಡದ ಅಂಕಿಯನ್ನು ತಪ್ಪಾಗಿ ಓದಿ ಚೆಕ್ಕು ಹಿಂದಿರುಗಿಸಿದ ಬ್ಯಾಂಕೊಂದಕ್ಕೆ ಧಾರವಾಡ ಜಿಲ್ಲಾ ಗ್ರಾಹಕರ ಆಯೋಗ 2022ರಲ್ಲಿ ಪರಿಹಾರ ಕೊಡುವಂತೆ ಆದೇಶಿಸಿದ್ದು ನ್ಯಾಯವೇ. ಭಾಷೆ ಓದಲು ಜನರನ್ನಿಡುವುದು ಬ್ಯಾಂಕಿನ ಕೆಲಸ. ಬರೆಯುವವರು ಮಾಡಬಹುದಾದದ್ದು ಇಷ್ಟೇ: ೬, ೯, ೭ ಇವುಗಳ ಕೊಂಡಿಗಳನ್ನು ಬಿಡಿಸಿ ಸ್ಪಷ್ಟವಾಗಿ ಬರೆಯುವುದು.

ಸ್ಕ್ಯಾನರಿಗೆ ಹಾಕುವ ಮೊದಲು ಪಿನ್ನು ತೆಗೆಯಬೇಕು. ನಮ್ಮ ಉಪ್ಪುಗಾಳಿಗೆ ನಾಲ್ಕು ದಿನ ಇಟ್ಟ ಗುಂಡುಪಿನ್ನೂ ತುಕ್ಕು ಹಿಡಿದು ಕಾಗದಕ್ಕೆ ಕೆಂಪು ಕಲೆ ಬಿಡುತ್ತದೆ. ಸ್ಟೇಪ್ಲರ್ ಪಿನ್ನು ಒಳಹೋದರೆ ಸೆನ್ಸರಿನ ಗಾಜಿಗೆ ಗೀರು, ಅದನ್ನು ಬದಲಿಸುವುದು ದುಬಾರಿ. ಚೆಕ್ಕುಗಳನ್ನು ಒಂದೇ ಮುಖವಾಗಿ ಜೋಡಿಸಿ, ಕೆಳ ಅಂಚನ್ನು ಮೇಜಿಗೆ ತಟ್ಟಿ ಸಮ ಮಾಡಿ, ಬುಡದ ಅಂಕಿಯ ಸಾಲು ಕೆಳಗೆ ಬರುವಂತೆ ಫೀಡರಿನಲ್ಲಿ ನಿಲ್ಲಿಸಬೇಕು. ಚೆಕ್ಕಿನ ಅಳತೆ 202 ಮಿಲಿಮೀಟರ್ ಉದ್ದ, 92 ಮಿಲಿಮೀಟರ್ ಎತ್ತರ. ಒಳಗೆ ರಬ್ಬರ್ ರೋಲರುಗಳು ಒಂದೊಂದೇ ಹಾಳೆಯನ್ನು ಎಳೆದು, ಮೊದಲು ಬುಡದ ಅಂಕಿಗಳನ್ನು ಓದುವ ಕಾಂತ ತಲೆಯ ಮುಂದೆ, ಆಮೇಲೆ ಹಿಂದೆ ಮುಂದೆ ಇರುವ ಎರಡು ಇಮೇಜ್ ಸೆನ್ಸರುಗಳ ನಡುವೆ ದಾಟಿಸುತ್ತವೆ. ಬೆನ್ನಿನ ಮೇಲೆ ಎಂಡಾರ್ಸರ್ ಎಂಬ ಸಣ್ಣ ಮುದ್ರಕ ಬ್ಯಾಂಕಿನ ಕೋಡ್, ತಾರೀಕು, ಕ್ರಮಸಂಖ್ಯೆ ಮುದ್ರಿಸುತ್ತದೆ.

ಮಳೆಗಾಲದಲ್ಲಿ ಈ ಯಂತ್ರದ ಸ್ವಭಾವವೇ ಬೇರೆ. ಆಟಿಯ ಜಡಿಮಳೆಯಲ್ಲಿ ಕಾಗದ ನೀರು ಕುಡಿದು ಮೆತ್ತಗಾಗುತ್ತದೆ, ಅಂಚು ಸುರುಳಿಯಾಗುತ್ತದೆ, ಎರಡು ಚೆಕ್ಕು ಅಂಟಿಕೊಂಡು ಒಟ್ಟಿಗೇ ಒಳಹೋಗುತ್ತವೆ. ಮುಂದಿನದರ ಮುಖ, ಹಿಂದಿನದರ ಬೆನ್ನು ಸೇರಿ ಒಂದೇ ಚೆಕ್ಕು ಎಂದು ದಾಖಲಾದರೆ ಇನ್ನೊಂದು ಲೆಕ್ಕದಿಂದಲೇ ಮಾಯ. ಒಳ್ಳೆಯ ಸ್ಕ್ಯಾನರುಗಳಲ್ಲಿ ಜೋಡಿ ಹಾಳೆಯನ್ನು ಪತ್ತೆ ಮಾಡುವ ಸೆನ್ಸರ್ ಇರುತ್ತದೆ. ಆದರೂ ಸ್ಲಿಪ್ಪುಗಳ ಸಂಖ್ಯೆ, ಚೆಕ್ಕುಗಳ ಸಂಖ್ಯೆ, ಪರದೆಯ ಮೇಲಿನ ಸಂಖ್ಯೆ ಮೂರೂ ತಾಳೆಯಾಗುವ ತನಕ ಬ್ಯಾಚು (ಒಟ್ಟಿಗೆ ಸ್ಕ್ಯಾನ್ ಮಾಡಿದ ಚೆಕ್ಕುಗಳ ಕಟ್ಟು) ಮುಚ್ಚಬಾರದು. ಒದ್ದೆ ಚೆಕ್ಕುಗಳನ್ನು ಎಸಿ ಇರುವ ಕೋಣೆಯಲ್ಲಿ ಸ್ವಲ್ಪ ಹೊತ್ತು ಬಿಡಿಬಿಡಿಯಾಗಿ ಹರಡಿ, ಕಟ್ಟನ್ನು ಬೆರಳಿನಿಂದ ಬೀಸಿ ಗಾಳಿಯಾಡಿಸಿ, ಆಮೇಲೆ ಹಾಕಿದರೆ ಅರ್ಧ ತೊಂದರೆ ತಪ್ಪುತ್ತದೆ. ಇಸ್ತ್ರಿ ಹಾಕುವ ಉಪಾಯ ಬೇಡ. ಮಲ್ಪೆ ಬಂದರಿನ ಕಡೆಯಿಂದ ಬರುವ ಚೆಕ್ಕುಗಳದ್ದು ಇನ್ನೊಂದು ಬಗೆ. ಅಂಗಿಯ ಕಿಸೆಯಲ್ಲಿ ನಾಲ್ಕಾಗಿ ಮಡಚಿ, ಮಂಜುಗಡ್ಡೆಯ ನೀರು ತಾಗಿ ಬಂದಿರುತ್ತವೆ. ಮಡಿಕೆ ಬುಡದ ಅಂಕಿಗಳ ಮೇಲೆ ಹಾದಿದ್ದರೆ ಅಲ್ಲಿ ಶಾಯಿ ಉದುರುತ್ತದೆ, ಯಂತ್ರ ಆ ಅಂಕಿಯನ್ನು ಓದುವುದಿಲ್ಲ. ಒಂದು ಸಣ್ಣ ಪ್ಲಾಸ್ಟಿಕ್ ಲಕೋಟೆಯಲ್ಲಿ ಮಡಚದೆ ತಂದರೆ ಸಾಕು.

ಧೂಳಿನ ಕಾಟವನ್ನೂ ಹೇಳಬೇಕು. ಸೆನ್ಸರ್ ನಿಂತಲ್ಲೇ ಇರುತ್ತದೆ, ಚೆಕ್ಕು ಅದರ ಮುಂದೆ ಓಡುತ್ತದೆ. ಹಾಗಾಗಿ ಗಾಜಿನ ಮೇಲೆ ಕೂತ ಸಾಸಿವೆಗಿಂತ ಸಣ್ಣ ಕಣವೂ ಚಿತ್ರದಲ್ಲಿ ಚುಕ್ಕಿಯಾಗಿ ಬರುವುದಿಲ್ಲ, ಚೆಕ್ಕಿನ ಉದ್ದಕ್ಕೂ ಎಳೆದ ಗೆರೆಯಾಗಿ ಬರುತ್ತದೆ. ಆ ಗೆರೆ ಹೆಸರಿನ ಸಾಲಿನ ಮೇಲೆ ಬಿದ್ದರೆ ನೋಡುವವರಿಗೆ ಹೆಸರನ್ನು ಹೊಡೆದುಹಾಕಿದಂತೆ ಕಾಣುತ್ತದೆ, ಬ್ಯಾಚಿನ ಎಲ್ಲ ಚೆಕ್ಕುಗಳಿಗೂ ಅದೇ ಗತಿ. ಬೆಳಗ್ಗೆ ಕೆಲಸ ಶುರು ಮಾಡುವ ಮುಂಚೆ ಆಲ್ಕೋಹಾಲ್ ಹಚ್ಚಿದ ಕ್ಲೀನಿಂಗ್ ಕಾರ್ಡನ್ನು ಒಮ್ಮೆ ಹಾಯಿಸಿ, ಒಂದು ಖಾಲಿ ಹಾಳೆ ಸ್ಕ್ಯಾನ್ ಮಾಡಿ ಗೆರೆ ಇದೆಯೇ ನೋಡುವುದು ಒಳ್ಳೆಯ ಪದ್ಧತಿ.

ಬುಡದ ಅಂಕಿಗಳನ್ನು ಓದಲು ಕಲಿತರೆ ವ್ಯಾಪಾರಸ್ಥರಿಗೂ ಉಪಯೋಗ. ಎಡದಿಂದ ಮೊದಲ ಆರು ಅಂಕಿ ಚೆಕ್ಕಿನ ಸಂಖ್ಯೆ. ನಂತರದ ಒಂಬತ್ತು ಅಂಕಿಗಳಲ್ಲಿ ಮೂರು ಊರಿಗೆ, ಮೂರು ಬ್ಯಾಂಕಿಗೆ, ಮೂರು ಶಾಖೆಗೆ. ಮಂಗಳೂರಿಗೆ 575, ಉಡುಪಿಗೆ 576, ಪಿನ್‌ಕೋಡಿನ ಮೊದಲ ಮೂರು ಅಂಕಿಗಳೇ. ಆಮೇಲೆ ಆರು ಅಂಕಿ ಖಾತೆಯ ಗುರುತಿಗೆ, ಕೊನೆಯ ಎರಡು ವ್ಯವಹಾರದ ಬಗೆಗೆ: 10 ಉಳಿತಾಯ, 11 ಚಾಲ್ತಿ, 31 ದೇಶದೆಲ್ಲೆಡೆ ಸಮಾನವಾಗಿ ನಡೆಯುವ ಉಳಿತಾಯ ಚೆಕ್ಕು. ಇವನ್ನು ಕಾಂತಗುಣವುಳ್ಳ ಶಾಯಿಯಲ್ಲಿ ಮುದ್ರಿಸಿರುತ್ತಾರೆ. ಈ ಪಟ್ಟಿಯ ಮೇಲೆ ಸಹಿಯ ಬಾಲ ಇಳಿಯಬಾರದು, ಏನನ್ನೂ ಬರೆಯಬಾರದು, ಸೆಲ್ಲೋಟೇಪ್ ಅಂಟಿಸಲೇಬಾರದು. ಟೇಪಿನ ದಪ್ಪಕ್ಕೆ ಶಾಯಿ ಕಾಂತ ತಲೆಯಿಂದ ದೂರ ಸರಿದು ಓದು ತಪ್ಪುತ್ತದೆ. ಓದದ ಅಂಕಿಯನ್ನು ಪರದೆಯ ಮೇಲೆ ಚಿತ್ರ ನೋಡಿ ಕೈಯಿಂದ ತುಂಬಬಹುದು, ಅದಕ್ಕೆ ರಿಪೇರ್ ಎನ್ನುತ್ತೇವೆ. ಅಲ್ಲಿ ಒಂದಂಕಿ ತಪ್ಪಾದರೂ ಚೆಕ್ಕು ಬೇರೆ ಬ್ಯಾಂಕಿಗೆ ಹೋಗಿ, ನಮ್ಮದಲ್ಲ ಎಂದು ಮರಳುತ್ತದೆ.

ಪ್ರತಿ ಚೆಕ್ಕಿಗೆ ಮೂರು ಚಿತ್ರ ಎಂದೆವಲ್ಲ. ಮುಖದ ಬೂದುಬಣ್ಣದ ಚಿತ್ರ ಇಂಚಿಗೆ 100 ಚುಕ್ಕಿಯಂತೆ, 256 ಛಾಯೆಗಳಲ್ಲಿ. ಮುಖದ ಕಪ್ಪುಬಿಳುಪು ಚಿತ್ರ ಇಂಚಿಗೆ 200 ಚುಕ್ಕಿಯಂತೆ. ಬೆನ್ನಿನದ್ದೂ ಕಪ್ಪುಬಿಳುಪು, 200. ಬಣ್ಣದ ಚಿತ್ರ ಇಲ್ಲವೇ ಇಲ್ಲ. ಎಂಟಿಂಚು ಉದ್ದದ ಚೆಕ್ಕು ಬೂದು ಚಿತ್ರದಲ್ಲಿ ಸುಮಾರು 800 ಚುಕ್ಕಿ ಅಗಲವಾಗುತ್ತದೆ. ನಾಲ್ಕು ಸೆಂಟಿಮೀಟರಿನ ಸಹಿಗೆ ಸಿಗುವುದು 160ರಷ್ಟು ಚುಕ್ಕಿ. ಹಣ ಕೊಡುವ ಬ್ಯಾಂಕಿನವರು ಸಹಿ ಒಂದೇ ಹೌದೋ ಅಲ್ಲವೋ ಎಂದು ನಿರ್ಧರಿಸುವುದು ಇಷ್ಟರಲ್ಲೇ. ಸಹಿಯನ್ನು ಗೆರೆಯ ಕೆಳಗೆ ತುರುಕಿ ಬರೆದರೆ, ಅಂಗಡಿಯ ಹೆಸರಿನ ರಬ್ಬರ್ ಸ್ಟ್ಯಾಂಪಿನ ಮೇಲೆಯೇ ಸಹಿ ಹಾಕಿದರೆ, ಅವರಿಗೆ ಕಾಣುವುದು ಮಸಿಯ ಮುದ್ದೆ. ಕಪ್ಪುಬಿಳುಪು ಚಿತ್ರ ಇನ್ನೂ ನಿಷ್ಠುರ. ಪ್ರತಿ ಚುಕ್ಕಿಯೂ ಕಪ್ಪೋ ಬಿಳಿಯೋ ಎರಡರಲ್ಲೊಂದು, ನಡುವಿನದ್ದಿಲ್ಲ. ತಿಳಿ ಶಾಯಿ ಬಿಳಿಯ ಕಡೆಗೆ ಸರಿದು ಅಕ್ಷರವೇ ಅಳಿಸಿಹೋಗುತ್ತದೆ. ಸ್ಕ್ಯಾನ್ ಆದಕೂಡಲೇ ತಂತ್ರಾಂಶ ಚಿತ್ರದ ಗುಣಮಟ್ಟ ಅಳೆಯುತ್ತದೆ: ತೀರಾ ತೆಳುವೇ, ತೀರಾ ಕಪ್ಪೇ, ಓರೆಯಾಗಿದೆಯೇ, ಮೂಲೆ ಮಡಚಿದೆಯೇ, ಗೆರೆ ಇದೆಯೇ. ಇದರಲ್ಲಿ ಫೇಲಾದರೆ ಮರುಸ್ಕ್ಯಾನ್. ಪಾಸಾದದ್ದೆಲ್ಲ ಓದಲು ಬರುತ್ತದೆ ಎಂದೇನೂ ಅಲ್ಲ. ಗುಣಮಟ್ಟದ ಪರೀಕ್ಷೆ ಬೆಳಕು, ಅಳತೆ ನೋಡುತ್ತದೆ, ಅರ್ಥ ನೋಡುವುದಿಲ್ಲ. ಸೀಲಿನಡಿ ಸಿಕ್ಕ ಮೊತ್ತ ಯಂತ್ರದ ಲೆಕ್ಕದಲ್ಲಿ ಉತ್ತಮ ಚಿತ್ರವೇ. ಆದ್ದರಿಂದ ಚಿತ್ರವನ್ನು ಮನುಷ್ಯರೇ ನೋಡಬೇಕು.

ಮೊತ್ತವನ್ನು ಒಬ್ಬರು ಕೀಲಿಸುತ್ತಾರೆ, ಇನ್ನೊಬ್ಬರು ತಾಳೆ ನೋಡುತ್ತಾರೆ. ಚೆಕ್ಕಿನಲ್ಲಿ 1,50,000 ಇದ್ದು ಸ್ಲಿಪ್ಪಿನಲ್ಲಿ ಗ್ರಾಹಕರು 15,000 ಎಂದು ಬರೆದಿದ್ದರೆ, ಸ್ಲಿಪ್ಪು ನೋಡಿ ಕೀಲಿಸುವವರು ಸಿಕ್ಕಿಬೀಳುತ್ತಾರೆ. ನೋಡಬೇಕಾದದ್ದು ಯಾವಾಗಲೂ ಚೆಕ್ಕನ್ನೇ, ಅದರಲ್ಲೂ ಅಕ್ಷರದ ಮೊತ್ತವನ್ನು. ಬ್ಯಾಚಿನ ಒಟ್ಟು ಸರಿಹೋದ ಮೇಲೆ ದತ್ತಾಂಶಕ್ಕೂ ಚಿತ್ರಗಳಿಗೂ ಡಿಜಿಟಲ್ ಸಹಿ ಬಿದ್ದು, ಗೂಢಲಿಪಿಯಲ್ಲಿ ಕ್ಲಿಯರಿಂಗ್ ಹೌಸಿಗೆ ಹೋಗುತ್ತದೆ. ಅದನ್ನು ನಡೆಸುವುದು ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಶನ್.

ಇತ್ತೀಚಿನ ದೊಡ್ಡ ಬದಲಾವಣೆ 2025ರ ಅಕ್ಟೋಬರ್ 4ರದ್ದು. ಅಲ್ಲಿಯವರೆಗೆ ದಿನದ ಚೆಕ್ಕುಗಳೆಲ್ಲ ರಾಶಿಯಾಗಿ ಹೋಗಿ, ರಿಟರ್ನ್ (ಹಣ ಕೊಡದೆ ವಾಪಸು ಮಾಡಿದ್ದು) ಮಾರನೆಯ ದಿನ ಬರುತ್ತಿತ್ತು. ಆ ದಿನ ಆರಂಭವಾದ ಮೊದಲ ಹಂತದಲ್ಲಿ ರಾಶಿ ಇಲ್ಲ. ಸ್ಕ್ಯಾನ್ ಆದದ್ದು ಆದಂತೆ ಹೋಗುತ್ತಿರಬೇಕು (ಆರಂಭದಲ್ಲಿ ಇದಕ್ಕೆ ಬೆಳಗ್ಗೆ 10ರಿಂದ ಸಂಜೆ 4ರ ತನಕ ಸಮಯವಿತ್ತು), ಹಣ ಕೊಡುವ ಬ್ಯಾಂಕ್ ಪ್ರತಿ ಚೆಕ್ಕಿಗೂ ಹೌದು ಅಥವಾ ಇಲ್ಲ ಎಂದು ಸಂಜೆ 7ರೊಳಗೆ ಹೇಳಬೇಕು, ಗಂಟೆಗೊಮ್ಮೆ ಲೆಕ್ಕ ಚುಕ್ತಾ. ಗಡುವಿನೊಳಗೆ ಉತ್ತರ ಬಾರದ ಚೆಕ್ಕು ಒಪ್ಪಿಗೆಯಾದಂತೆಯೇ. ಚುಕ್ತಾ ಆದ ಒಂದು ಗಂಟೆಯೊಳಗೆ ಗ್ರಾಹಕರ ಕೈಗೆ ಹಣ ಸಿಗಬೇಕು. ಸಮಯದ ಗಡಿಗಳನ್ನು ರಿಸರ್ವ್ ಬ್ಯಾಂಕ್ ಆಗಾಗ ಹಿಂದುಮುಂದು ಮಾಡಬಹುದು, ಹಾಗಾಗಿ ಶಾಖೆಯಲ್ಲಿ ಕೇಳಿಕೊಳ್ಳಿ. ಮೂಲ ಸಂಗತಿ ಮಾತ್ರ ಬದಲಾಗದು: ಚೆಕ್ಕು ಕೊಟ್ಟವರಿಗೆ ಒಂದು ರಾತ್ರಿಯ ಬಿಡುವು ಈಗಿಲ್ಲ. ಇವತ್ತು ಚೆಕ್ಕು ಕೊಟ್ಟು ನಾಳೆ ಬೆಳಗ್ಗೆ ಖಾತೆಗೆ ಹಣ ತುಂಬುವ ಹಳೆಯ ಲೆಕ್ಕಾಚಾರ ಈಗ ನೇರವಾಗಿ ರಿಟರ್ನಿಗೆ ದಾರಿ. ಪಡೆದವರಿಗೆ ಇದು ವರದಾನ. ಬೆಳಗ್ಗೆಯೇ ಕೌಂಟರಿಗೆ ಕೊಟ್ಟ ಚೆಕ್ಕು ಸಂಜೆಯ ಹೊತ್ತಿಗೆ ಹಣವಾಗಬಹುದು. ಮಧ್ಯಾಹ್ನದ ಮೇಲೆ ಡ್ರಾಪ್ ಬಾಕ್ಸಿಗೆ ಹಾಕಿ ಬಿಟ್ಟರೆ ಆ ಲಾಭ ಕೈತಪ್ಪುತ್ತದೆ.

ಹಣ ಕೊಡುವ ಬ್ಯಾಂಕ್ ನೋಡುವುದರಲ್ಲಿ ಸಹಿ, ಖಾತೆಯಲ್ಲಿರುವ ಹಣ, ಸ್ಟಾಪ್ ಪೇಮೆಂಟ್ (ಪಾವತಿ ತಡೆಯುವ ಸೂಚನೆ) ಇದೆಯೇ ಎಂಬುದರ ಜೊತೆ ಪಾಸಿಟಿವ್ ಪೇ ಕೂಡ ಇದೆ. 2021ರ ಜನವರಿ 1ರಿಂದ ಬಂದ ಈ ಏರ್ಪಾಡಿನಲ್ಲಿ ಚೆಕ್ಕು ಕೊಟ್ಟವರೇ ಅದರ ಸಂಖ್ಯೆ, ತಾರೀಕು, ಪಡೆಯುವವರ ಹೆಸರು, ಮೊತ್ತವನ್ನು ಮುಂಚಿತವಾಗಿ ಬ್ಯಾಂಕಿಗೆ ತಿಳಿಸಿರಬೇಕು. 50,000 ರೂಪಾಯಿ ಮತ್ತು ಮೇಲಿನ ಚೆಕ್ಕುಗಳಿಗೆ ಈ ಸೌಲಭ್ಯ, 5 ಲಕ್ಷ ಮತ್ತು ಮೇಲೆ ಬ್ಯಾಂಕುಗಳು ಕಡ್ಡಾಯ ಮಾಡಬಹುದು. ಎಡವುವುದು ಎಲ್ಲಿ? ಚೆಕ್ಕಿನಲ್ಲಿ ಅಂಗಡಿಯ ಹೆಸರು, ವಿವರ ತುಂಬುವ ಬ್ಯಾಂಕಿನ ಆ್ಯಪಿನಲ್ಲಿ ಮಾಲೀಕರ ಹೆಸರು. ಚೆಕ್ಕಿನಲ್ಲಿ ಮುಂದಿನ ತಿಂಗಳ ತಾರೀಕು, ಆ್ಯಪಿನಲ್ಲಿ ಇವತ್ತಿನದ್ದು. ಅಥವಾ ಚೆಕ್ಕು ಕ್ಲಿಯರಿಂಗಿಗೆ ಬಂದಾದ ಮೇಲೆ ನೆನಪಾಗಿ ತುಂಬಿಸುವುದು. ಚೆಕ್ಕು ಹರಿದು ಕೊಡುವಾಗಲೇ, ಎದುರಿಗಿಟ್ಟುಕೊಂಡು, ಅಕ್ಷರ ಬದಲಿಸದೆ ತುಂಬಿ. ದೊಡ್ಡ ಮೊತ್ತದ ಚೆಕ್ಕು ಪಡೆಯುವವರೂ "ಪಾಸಿಟಿವ್ ಪೇ ಮಾಡಿದ್ದೀರಾ ಅಣ್ಣ" ಎಂದು ಕೇಳಿಯೇ ತೆಗೆದುಕೊಳ್ಳಬೇಕು, ಸಂಕೋಚ ಬೇಡ. ಮುಂದೆ ವಂಚನೆಯ ತಕರಾರು ಎದ್ದರೆ ಕ್ಲಿಯರಿಂಗ್ ವ್ಯವಸ್ಥೆಯ ವ್ಯಾಜ್ಯ ಪರಿಹಾರದಡಿ ಪರಿಗಣಿಸುವುದು ಇದಕ್ಕೆ ಬದ್ಧವಾದ ಚೆಕ್ಕುಗಳನ್ನು ಮಾತ್ರ.

ರಿಟರ್ನ್ ಬಂದರೆ ಬ್ಯಾಂಕ್ ಕೊಡುವ ಮೆಮೋದಲ್ಲಿ (ಕಾರಣದ ಚೀಟಿಯಲ್ಲಿ) ಎರಡಂಕಿಯ ಕೋಡ್ ಇರುತ್ತದೆ, ಅದನ್ನೇ ಮೊದಲು ನೋಡಿ. 01 ಎಂದರೆ ಖಾತೆಯಲ್ಲಿ ಸಾಕಷ್ಟು ಹಣವಿಲ್ಲ. 12 ಎಂದರೆ ಸಹಿ ಹೊಂದುವುದಿಲ್ಲ. 20 ಎಂದರೆ ಕೊಟ್ಟವರೇ ಪಾವತಿ ತಡೆದಿದ್ದಾರೆ. 31 ಅವಧಿ ಮೀರಿದ್ದು. 39 ಎಂದರೆ ಚಿತ್ರ ಸ್ಪಷ್ಟವಿಲ್ಲ, ಅದು ಗ್ರಾಹಕರ ತಪ್ಪೇ ಅಲ್ಲ. ಗ್ರಾಹಕರ ದೋಷವಿಲ್ಲದ ಇಂಥ ತಾಂತ್ರಿಕ ಕಾರಣಕ್ಕೆ ಬಂದದ್ದನ್ನು ಬ್ಯಾಂಕೇ 24 ಗಂಟೆಯೊಳಗೆ, ರಜೆ ಬಿಟ್ಟು, ಮರುಸಲ್ಲಿಸಿ ಗ್ರಾಹಕರಿಗೆ ಎಸ್ಸೆಮ್ಮೆಸ್ ಅಥವಾ ಇಮೇಲಿನಲ್ಲಿ ತಿಳಿಸಬೇಕು. ಅದಕ್ಕೆ ಶುಲ್ಕ ಕಡಿದಿದ್ದರೆ ವಾಪಸು ಕೇಳಿ.

ಹಣವಿಲ್ಲದೆ ಮರಳಿದ ಚೆಕ್ಕಿಗೆ ಗಡಿಯಾರ ಶುರುವಾಗುವುದು ನಿಮಗೆ ಮಾಹಿತಿ ಸಿಕ್ಕ ದಿನದಿಂದ. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಕಲಂ 138ರ ಪ್ರಕಾರ 30 ದಿನದೊಳಗೆ ಲಿಖಿತ ನೋಟಿಸ್ ಕಳುಹಿಸಬೇಕು, ನೋಟಿಸ್ ತಲುಪಿದ ಮೇಲೆ ಕೊಟ್ಟವರಿಗೆ 15 ದಿನ, ಅದೂ ಕಳೆದರೆ ಒಂದು ತಿಂಗಳೊಳಗೆ ದೂರು. 2015ರ ತಿದ್ದುಪಡಿಯ ನಂತರ, ಖಾತೆಗೆ ಹಾಕಿದ ಚೆಕ್ಕಿನ ದೂರನ್ನು ಪಡೆದವರ ಖಾತೆ ಇರುವ ಶಾಖೆಯ ವ್ಯಾಪ್ತಿಯ ನ್ಯಾಯಾಲಯದಲ್ಲೇ ಹೂಡಬಹುದು. ಮಂಗಳೂರಿನ ವ್ಯಾಪಾರಿ ದೂರದ ಊರಿಗೆ ಅಲೆಯಬೇಕಿಲ್ಲ. ಮೆಮೋವನ್ನು ಶಾಖೆಯಿಂದ ಪಡೆಯುವಾಗ ತಾರೀಕು ಹಾಕಿಸಿಕೊಳ್ಳಿ, ಮೂಲ ಚೆಕ್ಕನ್ನೂ ಅದರ ಜೊತೆಗೇ ಕೇಳಿ ಪಡೆಯಿರಿ. ಅದು ಊರು ಬಿಟ್ಟು ಹೋಗಿರುವುದಿಲ್ಲವಾದ್ದರಿಂದ ತಡವಾಗುವ ಕಾರಣವೇ ಇಲ್ಲ.

ಪಾಸಾದ ಚೆಕ್ಕಿನ ಕಾಗದ ಹಣ ಕೊಟ್ಟ ಬ್ಯಾಂಕಿಗೆ ಹೋಗುವುದಿಲ್ಲ, ಸಲ್ಲಿಸಿದ ಬ್ಯಾಂಕಿನಲ್ಲೇ 10 ವರ್ಷ ಇರಬೇಕು. ತಾರೀಕು, ಬ್ಯಾಚಿನ ಪ್ರಕಾರ ಕಟ್ಟಿ, ನೆಲಕ್ಕೆ ತಾಗದಂತೆ, ಗೋಡೆಗೆ ಒರಗದಂತೆ ಇಡದಿದ್ದರೆ ನಮ್ಮ ಮಳೆಗಾಲಕ್ಕೆ ಎರಡೇ ವರ್ಷದಲ್ಲಿ ಬೂಸ್ಟು, ಗೆದ್ದಲು. ನೀವು ಬರೆದ ಚೆಕ್ಕಿನ ಬಗ್ಗೆ ತಕರಾರು ಬಂದು ಮೂಲ ಕಾಗದವೇ ಬೇಕಾದರೆ ನಿಮ್ಮ ಬ್ಯಾಂಕಿಗೆ ಬರೆದುಕೊಡಿ, ಅವರು ಸಲ್ಲಿಸಿದ ಬ್ಯಾಂಕಿನಿಂದ ತರಿಸುತ್ತಾರೆ. ಅರ್ಜಿಯಲ್ಲಿ ಚೆಕ್ಕಿನ ಸಂಖ್ಯೆ, ಮೊತ್ತ, ಪಾಸಾದ ತಾರೀಕು ಬರೆದು, ಸಾಧ್ಯವಾದರೆ ಚಿತ್ರದ ಬೆನ್ನಿನ ಬದಿಯ ಪ್ರತಿಯನ್ನೂ ಲಗತ್ತಿಸಿ. ಎಂಡಾರ್ಸರ್ ಮುದ್ರಿಸಿದ ಕ್ರಮಸಂಖ್ಯೆ ಅದರಲ್ಲಿ ಇರುತ್ತದೆ. ಆ ಸಂಖ್ಯೆ ಕೈಯಲ್ಲಿದ್ದರೆ ಕಟ್ಟು ಬಿಚ್ಚಿ ಹಾಳೆ ತೆಗೆಯುವುದು ಕೆಲವೇ ನಿಮಿಷದ ಕೆಲಸ, ಇಲ್ಲದಿದ್ದರೆ ಆ ದಿನದ ಚೆಕ್ಕುಗಳನ್ನೆಲ್ಲ ಒಂದೊಂದಾಗಿ ತಿರುವಬೇಕಾಗುತ್ತದೆ.